ಬೇಸಿಗೆಯಲ್ಲಿ ದಿನಕ್ಕೊಮ್ಮೆ ಪೆಟ್ರೋಲ್ ಟ್ಯಾಂಕ್ ಮುಚ್ಚಳ ತೆರೆಯಬೇಕೆ? ಕ್ಯಾನಿಸ್ಟರ್, ಕ್ಯಾಟ್‌ಕಾನ್ ತೆಗೆಸಿದರೆ ಮೈಲೇಜ್ ಹೆಚ್ಚುತ್ತದೆಯೇ?

ಬೇಸಿಗೆ ಶುರುವಾಯಿತೆಂದರೆ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಸಂದೇಶ ತಪ್ಪದೆ ಹಾಜರಾಗುತ್ತದೆ. ಇಂಡಿಯನ್ ಆಯಿಲ್ ಹೆಸರಿನಲ್ಲಿ ಹರಿದಾಡುವ ಅದರ ಸಾರ ಇಷ್ಟು: ಬಿಸಿಲು ಏರುತ್ತಿದೆ, ಫುಲ್ ಟ್ಯಾಂಕ್ ಪೆಟ್ರೋಲ್ ಹಾಕಿಸಬೇಡಿ, ಟ್ಯಾಂಕ್ ಸ್ಫೋಟವಾಗಬಹುದು. ಅರ್ಧ ಟ್ಯಾಂಕ್ ಮಾತ್ರ ಹಾಕಿಸಿ ಗಾಳಿಗೆ ಜಾಗ ಬಿಡಿ. ಈ ವಾರ ಐದು ಸ್ಫೋಟಗಳಾಗಿವೆ. ದಿನಕ್ಕೊಮ್ಮೆ ಟ್ಯಾಂಕಿನ ಮುಚ್ಚಳ ತೆರೆದು ಒಳಗೆ ತುಂಬಿಕೊಂಡ ಗ್ಯಾಸನ್ನು ಹೊರಗೆ ಬಿಡಿ. ಕೊನೆಯಲ್ಲಿ, ನಿಮ್ಮವರಿಗೆಲ್ಲ ಕಳುಹಿಸಿ ಎಂಬ ಕೋರಿಕೆ. ಆ ಐದು ಸ್ಫೋಟಗಳು ಯಾವ ಊರಿನಲ್ಲಿ, ಯಾವ ತಾರೀಕು ಆದವು ಎಂಬುದು ಮಾತ್ರ ಸಂದೇಶದಲ್ಲಿ ಇರುವುದಿಲ್ಲ. ಹಲವು ವರ್ಷಗಳಿಂದ ಅದೇ 'ಈ ವಾರ', ಅದೇ ಐದು ಸ್ಫೋಟ.

ಇದರ ಜೊತೆಗೆ ಇನ್ನೊಂದು ಬಗೆಯ ಸಲಹೆಯೂ ವಿಡಿಯೊಗಳಲ್ಲಿ, ಗ್ಯಾರೇಜ್ ಮಾತುಗಳಲ್ಲಿ ಓಡಾಡುತ್ತದೆ. ಟ್ಯಾಂಕಿನ ಆವಿ ಹಿಡಿದಿಡುವ ಕಪ್ಪು ಡಬ್ಬಿ ಬೇಡದ ಭಾಗ, ಅದನ್ನು ಕಿತ್ತು ಪೈಪನ್ನು ಹೊರಗೆ ಬಿಡಿ. ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟ್‌ಕಾನ್ ತೆಗೆಸಿ, ಪಿಕಪ್ ಬರುತ್ತದೆ, ಮೈಲೇಜ್ ಹೆಚ್ಚುತ್ತದೆ. ಇವೆಲ್ಲ ಸರ್ಕಾರ ಮತ್ತು ಕಂಪನಿಗಳು ನಮ್ಮ ಮೇಲೆ ಹೇರಿದ ಹೊರೆ ಎಂಬ ಒಗ್ಗರಣೆ ಬೇರೆ.

ಓದಲು ಸಮಯವಿಲ್ಲದವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇವೆ. ಬಿಸಿಲಿಗೆ ಪೆಟ್ರೋಲ್ ಟ್ಯಾಂಕ್ ತಾನಾಗಿ ಸಿಡಿಯುವುದಿಲ್ಲ. ಮುಚ್ಚಳ ತೆರೆದು ಗ್ಯಾಸ್ ಬಿಡುವುದು ಅಪಾಯವನ್ನು ಟ್ಯಾಂಕಿನ ಒಳಗಿನಿಂದ ನಿಮ್ಮ ಮನೆಯಂಗಳಕ್ಕೆ ತಂದು ಸುರಿಯುವ ಕೆಲಸ. ಕ್ಯಾನಿಸ್ಟರ್ ತೆಗೆಸಿದರೆ ಮೈಲೇಜ್ ಹೆಚ್ಚುವುದಿಲ್ಲ, ಉಳಿಯಬೇಕಾದ ಪೆಟ್ರೋಲೇ ಹೊರಗೆ ಹೋಗುತ್ತದೆ. ಸರಿಯಾಗಿ ಕೆಲಸ ಮಾಡುತ್ತಿರುವ ಕ್ಯಾಟ್‌ಕಾನ್ ತೆಗೆಸುವುದರಿಂದಲೂ ಮೈಲೇಜ್ ಬರುವುದಿಲ್ಲ. ಆದರೆ ಆ ಸಂದೇಶದಲ್ಲಿ ಒಂದು ಕಾಳಿನಷ್ಟು ಸತ್ಯ ಅಡಗಿದೆ. ಅದೇನೆಂದು ಮುಂದೆ ನೋಡೋಣ.

ಪೆಟ್ರೋಲ್‌ಗೆ ಬೆಂಕಿ ಹತ್ತುವುದು ಹೇಗೆ?

ದ್ರವ ರೂಪದ ಪೆಟ್ರೋಲ್ ಉರಿಯುವುದಿಲ್ಲ, ಅದರಿಂದ ಏಳುವ ಆವಿ ಉರಿಯುತ್ತದೆ. ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲೂ ಪೆಟ್ರೋಲ್‌ನಿಂದ ಬೆಂಕಿ ಹತ್ತುವಷ್ಟು ಆವಿ ಏಳುತ್ತದೆ. ಹಾಗಾಗಿ ರಾಯಚೂರಿನ ಮೇ ತಿಂಗಳಾಗಲಿ, ಮಡಿಕೇರಿಯ ಡಿಸೆಂಬರ್ ಆಗಲಿ, ಆವಿ ಇದ್ದೇ ಇರುತ್ತದೆ.

ಆದರೆ ಆವಿ ಇದ್ದರಷ್ಟೇ ಸಾಲದು. ಅದು ಗಾಳಿಯೊಂದಿಗೆ ಒಂದು ಹದದಲ್ಲಿ ಬೆರೆಯಬೇಕು. ಗಾಳಿಯಲ್ಲಿ ಪೆಟ್ರೋಲ್ ಆವಿಯ ಪ್ರಮಾಣ ಸುಮಾರು ಶೇ 1.4ಕ್ಕಿಂತ ಕಡಿಮೆ ಇದ್ದರೆ ಕಿಡಿ ಕೊಟ್ಟರೂ ಹತ್ತುವುದಿಲ್ಲ. ಸುಮಾರು ಶೇ 7.6ಕ್ಕಿಂತ ಹೆಚ್ಚಿದ್ದರೂ ಹತ್ತುವುದಿಲ್ಲ, ಏಕೆಂದರೆ ಉರಿಯಲು ಬೇಕಾದ ಆಮ್ಲಜನಕ ಆ ಮಿಶ್ರಣದಲ್ಲಿ ಇರುವುದಿಲ್ಲ. ಈ ಎರಡು ಗೆರೆಗಳ ನಡುವಿನ ಜಾಗವೇ ಅಪಾಯದ ಜಾಗ.

ಮುಚ್ಚಿದ ಟ್ಯಾಂಕಿನೊಳಗೆ, ಪೆಟ್ರೋಲ್ ಮೇಲಿನ ಖಾಲಿ ಜಾಗದಲ್ಲಿ, ನಮ್ಮ ಹವೆಯಲ್ಲಿ ಆವಿ ಶೇ 7.6ರ ಗೆರೆಯನ್ನು ದಾಟಿ ಎಷ್ಟೋ ಮೇಲಿರುತ್ತದೆ. ಅಂದರೆ ಟ್ಯಾಂಕಿನ ಒಳಗೆ ಹೊತ್ತಿಕೊಳ್ಳಲಾಗದಷ್ಟು ದಟ್ಟವಾಗಿ ಆವಿ ತುಂಬಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ವಿದ್ಯುತ್‌ನಿಂದ ಓಡುವ ಪಂಪು ಪೆಟ್ರೋಲ್ ಟ್ಯಾಂಕಿನೊಳಗೇ ಮುಳುಗಿಕೊಂಡು ಕೆಲಸ ಮಾಡುತ್ತಿದ್ದರೂ ಏನೂ ಆಗದಿರುವುದಕ್ಕೆ ಇದೂ ಒಂದು ಕಾರಣ.

ಈಗ ಮುಚ್ಚಳ ತೆರೆಯಿರಿ. ಒಳಗಿನ ಆವಿ ಹೊರಬಂದು ಗಾಳಿಯೊಂದಿಗೆ ಬೆರೆಯುತ್ತ ತೆಳುವಾಗುತ್ತದೆ. ತೆಳುವಾಗುವ ದಾರಿಯಲ್ಲಿ ಅದು ಶೇ 7.6ರಿಂದ ಶೇ 1.4ರವರೆಗಿನ ಆ ಪಟ್ಟಿಯನ್ನು ಹಾದುಹೋಗಲೇಬೇಕು. ಟ್ಯಾಂಕಿನೊಳಗೆ ಹತ್ತದೆ ಇದ್ದ ಆವಿ ಈಗ ನಿಮ್ಮ ಕಾಲ ಬಳಿ ಹತ್ತುವ ಹದಕ್ಕೆ ಬಂದಿರುತ್ತದೆ. 'ಕಾಲ ಬಳಿ' ಎಂದು ಬೇಕೆಂದೇ ಹೇಳಿದ್ದು. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹಾರಿ ಹೋಗುವುದಿಲ್ಲ, ನೆಲದ ಮೇಲೆ ತೆವಳುತ್ತ ತಗ್ಗು ಹುಡುಕಿಕೊಂಡು ಹೋಗುತ್ತದೆ.

ಒಂದು ಒರಟು ಲೆಕ್ಕ ಹಾಕೋಣ. 40 ಲೀಟರ್ ಟ್ಯಾಂಕ್, ಸಂದೇಶ ಹೇಳಿದಂತೆ ಅರ್ಧ ಮಾತ್ರ ತುಂಬಿದೆ. ಉಳಿದ 20 ಲೀಟರ್ ಜಾಗದಲ್ಲಿ, ಬೇಸಿಗೆಯ ಶಾಖದಲ್ಲಿ, ಸುಮಾರು 8 ಲೀಟರಿನಷ್ಟು ಪೆಟ್ರೋಲ್ ಆವಿ ಇರುತ್ತದೆ ಎಂದುಕೊಳ್ಳಿ. ಅದೆಲ್ಲ ಹೊರಬಂದು ಶೇ 1.4ರ ಹದಕ್ಕೆ ಹರಡಿದರೆ ಸುಮಾರು 570 ಲೀಟರ್ ಜಾಗ ತುಂಬುತ್ತದೆ. ಮನೆಯ ಎರಡು ಫ್ರಿಜ್‌ಗಳ ಒಳಗಿನಷ್ಟು ಜಾಗ. ಬಯಲಿನಲ್ಲಿ ಗಾಳಿ ಆಡುತ್ತಿದ್ದರೆ ಬೇಗ ಚದುರಿ ಹೋಗುತ್ತದೆ, ನಿಜ. ಆದರೆ ನಮ್ಮ ನಗರಗಳಲ್ಲಿ ಕಾರು ನಿಲ್ಲುವುದು ಎಲ್ಲಿ? ಮನೆಯ ಕೆಳಗಿನ ಪಾರ್ಕಿಂಗ್‌ನಲ್ಲಿ, ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಿ. ಅಲ್ಲೇ ಪಕ್ಕದಲ್ಲಿ ನೀರಿನ ಮೋಟಾರಿನ ಸ್ವಿಚ್, ಯುಪಿಎಸ್ ಬ್ಯಾಟರಿ, ಗೋಡೆಯ ಮೇಲೆ ಕರೆಂಟ್ ಮೀಟರು. ಕಿಡಿ ಹುಟ್ಟಲು ಬೇಕಾದುದೆಲ್ಲ ಸಾಲಾಗಿ ಜೋಡಿಸಿಟ್ಟಂತಿರುತ್ತದೆ.

ಹಾಗಾದರೆ ಬಿಸಿಲಿಗೆ ಟ್ಯಾಂಕ್ ಸಿಡಿಯುವುದಿಲ್ಲವೇ?

ಕಿಡಿ ಇಲ್ಲದೆ ಬರೀ ಶಾಖದಿಂದಲೇ ಪೆಟ್ರೋಲ್ ಆವಿ ಹೊತ್ತಿಕೊಳ್ಳಬೇಕಾದರೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕು. ಕಲಬುರಗಿಯ ಕಡು ಬೇಸಿಗೆಯಲ್ಲಿ ದಿನವಿಡೀ ಬಿಸಿಲಿನಲ್ಲಿ ನಿಂತ ಕಾರಿನ ಟ್ಯಾಂಕೂ ಅದರ ಹತ್ತಿರಕ್ಕೆ ಬರುವುದಿಲ್ಲ.

ಇನ್ನು ಪೆಟ್ರೋಲ್ ಹಿಗ್ಗುವ ಮಾತು. ಹಿಗ್ಗುವುದು ನಿಜ. ಒಂದು ಡಿಗ್ರಿ ಬಿಸಿಯಾದರೆ ಸುಮಾರು ಸಾವಿರದಲ್ಲಿ ಒಂದು ಪಾಲು ಹಿಗ್ಗುತ್ತದೆ. 40 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಮುಕ್ಕಾಲು ಲೀಟರಿನಷ್ಟು ಹೆಚ್ಚಾಗುತ್ತದೆ, ಅಂದರೆ ಸುಮಾರು ಶೇ 2. ಇದನ್ನು ತಿಳಿದೇ ಕಾರು ತಯಾರಿಸುವವರು ಟ್ಯಾಂಕಿನ ಮೇಲ್ಭಾಗದಲ್ಲಿ ಹಿಗ್ಗಲು ಜಾಗ ಬಿಟ್ಟಿರುತ್ತಾರೆ. ಬಂಕಿನಲ್ಲಿ ನಾಜಲ್ ಟಕ್ ಎಂದು ತಾನೇ ನಿಂತಾಗಲೂ ಆ ಜಾಗ ಖಾಲಿಯೇ ಇರುತ್ತದೆ. ಇಂಡಿಯನ್ ಆಯಿಲ್ ಕಂಪನಿ ತನ್ನ ಹೆಸರಿನ ಈ ಸಂದೇಶವನ್ನು ಅಲ್ಲಗಳೆಯುತ್ತ ಹೇಳಿದ್ದೂ ಇದನ್ನೇ. ವಾಹನ ತಯಾರಕರು ಸೂಚಿಸಿದ ಮಿತಿಯವರೆಗೆ ಬೇಸಿಗೆಯಾಗಲಿ ಚಳಿಗಾಲವಾಗಲಿ ಇಂಧನ ತುಂಬಿಸುವುದು ಸುರಕ್ಷಿತ ಎಂದು ಅದು ಸ್ಪಷ್ಟಪಡಿಸಿದೆ.

ಅರ್ಧ ಟ್ಯಾಂಕ್ ಸಲಹೆಯಂತೂ ತಲೆಕೆಳಗು. ಖಾಲಿ ಜಾಗ ಹೆಚ್ಚಿದಷ್ಟೂ ಅದರಲ್ಲಿ ತುಂಬಿಕೊಳ್ಳುವ ಆವಿಯೂ ಹೆಚ್ಚು. ಹಗಲಿನ ಬಿಸಿಗೆ ಹಿಗ್ಗಿ ಹೊರಕ್ಕೆ ತಳ್ಳುವುದೂ ಆ ಆವಿಯೇ.

ಹಾಗೆಂದು ಬೇಸಿಗೆಯಲ್ಲಿ ವಾಹನಗಳಿಗೆ ಬೆಂಕಿ ಬೀಳುವುದಿಲ್ಲ ಎಂದಲ್ಲ, ಬೀಳುತ್ತದೆ. ಇಲಿ ಕಡಿದ ವೈರ್, ಮೂಲ ವೈರಿಂಗ್ ಕತ್ತರಿಸಿ ಜೋಡಿಸಿದ ಮ್ಯೂಸಿಕ್ ಸಿಸ್ಟಮ್ ಅಥವಾ ಹೆಚ್ಚುವರಿ ದೀಪ, ಬಿರುಕು ಬಿಟ್ಟ ಪೆಟ್ರೋಲ್ ಪೈಪ್, ಅಡ್ಡಾದಿಡ್ಡಿ ಕೂರಿಸಿದ ಗ್ಯಾಸ್ ಕಿಟ್ ಇಂಥವು ಕಾರಣ. ಹಳೇ ಮೈಸೂರು ಭಾಗದವರಿಗೆ ಇನ್ನೊಂದು ಕಾರಣವೂ ಗೊತ್ತು. ಒಕ್ಕಣೆಗೆಂದು ರಸ್ತೆಗೆ ಹರಡಿದ ಹುರುಳಿ ಸೊಪ್ಪು ಕಾರಿನ ಅಡಿಗೆ ಸುತ್ತಿಕೊಂಡು, ಬಿಸಿ ಸೈಲೆನ್ಸರ್ ತಾಗಿ, ಕಾರೇ ಸುಟ್ಟುಹೋದ ಪ್ರಕರಣಗಳು ವರದಿಯಾಗಿವೆ. ಇವುಗಳಲ್ಲಿ ಯಾವುದಕ್ಕೂ ಮುಚ್ಚಳ ತೆರೆಯುವುದು ಪರಿಹಾರವಲ್ಲ.

ಈ ಸಲಹೆ ಹುಟ್ಟಿದ್ದು ಎಲ್ಲಿಂದ?

ಇದು ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ ಎಂಬುದು ನಮ್ಮ ಊಹೆ. ಕಾರ್ಬುರೇಟರ್ ಕಾಲದ ವಾಹನಗಳಲ್ಲಿ ಟ್ಯಾಂಕ್ ಉಸಿರಾಡುತ್ತಿದ್ದುದು ಮುಚ್ಚಳದಲ್ಲಿದ್ದ ಸಣ್ಣ ತೂತಿನ ಮೂಲಕ. ಪೆಟ್ರೋಲ್ ಖರ್ಚಾದಂತೆ ಆ ತೂತಿನಿಂದ ಗಾಳಿ ಒಳಗೆ ಬರಬೇಕು. ಧೂಳು ಕಟ್ಟಿ ತೂತು ಮುಚ್ಚಿಕೊಂಡರೆ ಒಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಇಳಿಯದೆ ಗಾಡಿ ನಿಂತುಹೋಗುತ್ತಿತ್ತು. ಮುಚ್ಚಳ ತೆರೆದರೆ ಬುಸ್ ಎಂದು ಗಾಳಿ ಒಳಗೆ ಹೋಗಿ ಗಾಡಿ ಮತ್ತೆ ಹೊರಡುತ್ತಿತ್ತು. ಹಳೆಯ ಸ್ಕೂಟರ್, ಮೊಪೆಡ್ ಓಡಿಸಿದವರಿಗೆ ಇದು ನೆನಪಿರುತ್ತದೆ. 'ಮುಚ್ಚಳ ತೆರೆದು ಗಾಳಿ ಬಿಡು' ಎಂಬುದು ಆ ಕಾಲಕ್ಕೆ ಸರಿಯಾದ ಮೆಕ್ಯಾನಿಕ್ ಮಾತು. ಈಗಿನ ಕಾರಿನಲ್ಲೂ ಮುಚ್ಚಳ ತಿರುಗಿಸಿದಾಗ ಬುಸ್ ಎಂಬ ಸದ್ದು ಬರುವುದುಂಟು. ಅದನ್ನು ಕೇಳಿ 'ಅಬ್ಬಾ, ಎಷ್ಟು ಗ್ಯಾಸ್ ತುಂಬಿತ್ತು' ಎಂದು ಹೆದರುತ್ತೇವೆ. ಎಷ್ಟೋ ಸಲ ಅದು ಗಾಳಿ ಒಳಗೆ ಹೋಗುವ ಸದ್ದು.

ಈಗಿನ ಟ್ಯಾಂಕಿಗೆ ಉಸಿರಾಡಲು ಬೇರೆ ದಾರಿಯಿದೆ. ಅದೇ ಆ ಕಪ್ಪು ಡಬ್ಬಿ.

ಕಪ್ಪು ಡಬ್ಬಿಯೊಳಗೆ ಏನಿದೆ?

ಕ್ಯಾನಿಸ್ಟರ್ ಎಂದು ಕರೆಯುವ ಈ ಡಬ್ಬಿಯ ತುಂಬ ಇರುವುದು ಇದ್ದಿಲು. ನೀರು ಶುದ್ಧ ಮಾಡುವ ಫಿಲ್ಟರ್‌ನಲ್ಲಿ ಇರುವಂಥದ್ದೇ ಬಗೆಯ, ಸಾವಿರಾರು ಸೂಕ್ಷ್ಮ ರಂಧ್ರಗಳುಳ್ಳ ಸಕ್ರಿಯ ಇದ್ದಿಲು. ಕಾರು ನಿಂತಿದ್ದಾಗ ಟ್ಯಾಂಕಿನಲ್ಲಿ ಹೆಚ್ಚಾದ ಆವಿ ಪೈಪಿನ ಮೂಲಕ ಇಲ್ಲಿಗೆ ಬರುತ್ತದೆ. ಇದ್ದಿಲು ಪೆಟ್ರೋಲ್ ಅಂಶವನ್ನು ತನ್ನ ಮೈಗೆ ಅಂಟಿಸಿಕೊಂಡು ಉಳಿದ ಗಾಳಿಯನ್ನು ಮಾತ್ರ ಹೊರಗೆ ಬಿಡುತ್ತದೆ. ಹಾಗಾಗಿ ಟ್ಯಾಂಕಿನಲ್ಲಿ ಒತ್ತಡವೂ ಏರುವುದಿಲ್ಲ, ಪೆಟ್ರೋಲ್ ವಾಸನೆಯೂ ಬರುವುದಿಲ್ಲ. ಕಾರು ಓಡತೊಡಗಿದ ಮೇಲೆ ಕಂಪ್ಯೂಟರ್ ಹೇಳಿದ ಹೊತ್ತಿಗೆ ಒಂದು ಸಣ್ಣ ವಾಲ್ವ್ ತೆರೆದುಕೊಳ್ಳುತ್ತದೆ. ಎಂಜಿನ್ ಹೊರಗಿನ ಗಾಳಿಯನ್ನು ಇದ್ದಿಲಿನ ಮೂಲಕ ಎಳೆದುಕೊಳ್ಳುತ್ತದೆ, ಅಂಟಿಕೊಂಡಿದ್ದ ಪೆಟ್ರೋಲ್ ಬಿಡಿಸಿಕೊಂಡು ಎಂಜಿನ್‌ಗೆ ಹೋಗಿ ಉರಿಯುತ್ತದೆ. ಇದ್ದಿಲು ಮತ್ತೆ ಖಾಲಿ, ಮರುದಿನದ ಬಿಸಿಲಿಗೆ ಸಿದ್ಧ.

ಸಂದೇಶ ದಿನಕ್ಕೊಮ್ಮೆ ಮಾಡಿ ಎನ್ನುವ ಕೆಲಸವನ್ನು ಕಾರು ಇಡೀ ದಿನ ತಾನೇ ಮಾಡುತ್ತಿರುತ್ತದೆ. ವ್ಯತ್ಯಾಸವೆಂದರೆ ಕಾರು ಆ ಪೆಟ್ರೋಲನ್ನು ನಿಮಗೇ ವಾಪಸ್ ಕೊಡುತ್ತದೆ, ಮುಚ್ಚಳ ತೆರೆದರೆ ಗಾಳಿಗೆ ಹೋಗುತ್ತದೆ.

ಟ್ಯಾಂಕಿನಿಂದ ಹೊರಡುವ ಈ ಆವಿ ಪೈಪಿನ ದಾರಿಯಲ್ಲಿ ಇನ್ನೊಂದು ಪುಟ್ಟ ವಾಲ್ವ್ ಇದೆ. ಅಪಘಾತದಲ್ಲಿ ಕಾರು ಮಗುಚಿದರೆ ಪೆಟ್ರೋಲ್ ಹೊರಗೆ ಸುರಿಯದಂತೆ ಅದು ಮುಚ್ಚಿಕೊಳ್ಳುತ್ತದೆ. ಕ್ಯಾನಿಸ್ಟರ್ ಕೀಳುವ ಭರದಲ್ಲಿ ಕೆಲವರು ಇದನ್ನೂ ಕಿತ್ತುಹಾಕುತ್ತಾರೆ. ಆ ಸಣ್ಣ ವಾಲ್ವಿನ ಬೆಲೆ ತಿಳಿಯುವುದು ಕಾರು ಪಲ್ಟಿಯಾದ ದಿನ.

ಈ ಡಬ್ಬಿಯ ಕಥೆ ಶುರುವಾಗುವುದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. 1940ರ ದಶಕದಲ್ಲಿ ಆ ನಗರದ ಮೇಲೆ ಕಣ್ಣುರಿಸುವ ಕಂದು ಮಬ್ಬು ಕವಿಯತೊಡಗಿತು. ಕಾರ್ಖಾನೆಗಳೇ ಕಾರಣ ಎಂದು ಎಲ್ಲರೂ ನಂಬಿದ್ದರು. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಕೆಲಸ ಮಾಡುತ್ತಿದ್ದ ರಸಾಯನಶಾಸ್ತ್ರಜ್ಞ ಆರಿ ಹಾಗನ್ ಸ್ಮಿಟ್ 1950ರ ದಶಕದ ಆರಂಭದಲ್ಲಿ ಬೇರೆಯೇ ಸಂಗತಿ ತೋರಿಸಿದರು. ಸುಡದೆ ಉಳಿದ ಪೆಟ್ರೋಲ್ ಅಂಶ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿನಲ್ಲಿ ಬೆಂದು ಓಝೋನ್ ಆಗುತ್ತವೆ, ಆ ಮಬ್ಬಿನ ಮೂಲ ಅದು. ಮೇಲೆ ಆಕಾಶದಲ್ಲಿದ್ದರೆ ನಮ್ಮನ್ನು ಕಾಯುವ ಓಝೋನ್ ಮೂಗಿನ ಮಟ್ಟದಲ್ಲಿದ್ದರೆ ಶ್ವಾಸಕೋಶಕ್ಕೆ ಕೆಡುಕು.

ಯಾವ ನಿಯಂತ್ರಣವೂ ಇಲ್ಲದ ಆ ಕಾಲದ ಕಾರುಗಳು ಹೊರಬಿಡುತ್ತಿದ್ದ ಪೆಟ್ರೋಲ್ ಅಂಶದಲ್ಲಿ ಸರಿಸುಮಾರು ಐದರಲ್ಲಿ ಒಂದು ಪಾಲು ಸೈಲೆನ್ಸರಿನಿಂದ ಬರುತ್ತಿದ್ದುದೇ ಅಲ್ಲ. ಟ್ಯಾಂಕ್ ಮತ್ತು ಕಾರ್ಬುರೇಟರ್‌ನಿಂದ ಸುಮ್ಮನೆ ಆವಿಯಾಗಿ ಹೋಗುತ್ತಿದ್ದುದು. ಹೀಗಾಗಿ ಕ್ಯಾಲಿಫೋರ್ನಿಯಾದಲ್ಲಿ 1970ರ ಮಾಡೆಲ್‌ಗಳಿಂದ, ಅಮೆರಿಕದಾದ್ಯಂತ 1971ರ ಮಾಡೆಲ್‌ಗಳಿಂದ ಆವಿ ನಿಯಂತ್ರಣ ಕಡ್ಡಾಯವಾಯಿತು. ಅಲ್ಲಿ ನೆಲೆಸಿರುವ ನಮ್ಮವರನ್ನು ಕೇಳಿ ನೋಡಿ. 1996ರ ನಂತರದ ಕಾರುಗಳಲ್ಲಿ ಟ್ಯಾಂಕ್ ಮುಚ್ಚಳವನ್ನು ಸರಿಯಾಗಿ ತಿರುಗಿಸದಿದ್ದರೂ ಎಂಜಿನ್ ದೀಪ ಹತ್ತಿಕೊಳ್ಳುತ್ತದೆ.

ಭಾರತದಲ್ಲೂ ಇದಕ್ಕೆ ಮಿತಿಯಿದೆ. ಬಿಎಸ್6 ಪೆಟ್ರೋಲ್ ಕಾರೊಂದನ್ನು ಮುಚ್ಚಿದ ಕೋಣೆಯಲ್ಲಿ ನಿಲ್ಲಿಸಿ, ಒಂದು ಹಗಲು ರಾತ್ರಿಯ ಬಿಸಿ ತಂಪನ್ನು ಕೃತಕವಾಗಿ ಉಂಟುಮಾಡಿ, ಹೊರಬಂದ ಆವಿಯನ್ನು ಅಳೆಯುತ್ತಾರೆ. ಇಡೀ ಪರೀಕ್ಷೆಯಲ್ಲಿ ಅದು 2 ಗ್ರಾಂ ಮೀರುವಂತಿಲ್ಲ. ಅರ್ಧ ಟೀ ಚಮಚೆ ಪೆಟ್ರೋಲ್ ಅಷ್ಟೆ. ಮೇಲಿನ ನಮ್ಮ ಒರಟು ಲೆಕ್ಕದ ಅರ್ಧ ಟ್ಯಾಂಕಿನಲ್ಲಿ ತುಂಬಿರುವ ಆವಿಯೇ 20 ಗ್ರಾಂ ಆಸುಪಾಸು ಇರುತ್ತದೆ. ಮುಚ್ಚಳ ತೆರೆದು ನಾಲ್ಕು ಹೊತ್ತು ಬಿಟ್ಟರೆ ಆ ಮಿತಿಯ ಗತಿ ಏನು, ನೀವೇ ಯೋಚಿಸಿ.

ಪೆಟ್ರೋಲ್ ಆವಿಯಲ್ಲಿ ಬೆಂಜೀನ್ ಇದೆ. ನಮ್ಮ ದೇಶದ ಪೆಟ್ರೋಲ್‌ನಲ್ಲಿ ಶೇ 1ರವರೆಗೆ ಇರಲು ಅವಕಾಶವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬೆಂಜೀನ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ರಕ್ತದ ಕ್ಯಾನ್ಸರ್‌ಗೂ ಇದಕ್ಕೂ ನಂಟಿದೆ. ಒಮ್ಮೆ ಬಂಕಿನಲ್ಲಿ ಮೂಗಿಗೆ ಬಡಿದರೆ ಹೆದರಬೇಕಿಲ್ಲ. ಆದರೆ ಮನೆ ಕೆಳಗೆ ನಿಂತ ಕಾರಿನಿಂದ ದಿನವೂ ರಾತ್ರಿಯೂ ಸೋರುತ್ತಿದ್ದರೆ, ಮೇಲಿನ ಕೋಣೆಯಲ್ಲಿ ಮಲಗುವವರು ಅದನ್ನೇ ಉಸಿರಾಡುತ್ತಾರೆ.

ಕ್ಯಾನಿಸ್ಟರ್ ಕಿತ್ತರೆ ಕಾರಿಗೆ ಏನಾಗುತ್ತದೆ?

ಎಂಜಿನ್ ಕಡೆಗಿನ ಪೈಪನ್ನು ತೆರೆದೇ ಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಎಂಜಿನ್ ಸೇರಿ ಐಡ್ಲಿಂಗ್ ಏರುಪೇರಾಗುತ್ತದೆ. ಟ್ಯಾಂಕ್ ಕಡೆಗಿನ ಪೈಪನ್ನು ಬಿಗಿಯಾಗಿ ಮುಚ್ಚಿಬಿಟ್ಟರೆ ಟ್ಯಾಂಕಿಗೆ ಉಸಿರಾಡಲು ಮುಚ್ಚಳದ ಸಣ್ಣ ರಕ್ಷಣಾ ವಾಲ್ವ್ ಬಿಟ್ಟರೆ ಬೇರೆ ದಾರಿಯೇ ಉಳಿಯುವುದಿಲ್ಲ, ಪಂಪಿಗೆ ತ್ರಾಸ. ಮುಚ್ಚದೆ ಕಾರಿನಡಿಗೆ ಇಳಿಬಿಟ್ಟರೆ ಪೆಟ್ರೋಲ್ ಆವಿ ಬಿಸಿ ಸೈಲೆನ್ಸರಿನ ನೆರೆಯಲ್ಲೇ ಸೋರುತ್ತಿರುತ್ತದೆ. ಮೈಲೇಜ್ ಹೆಚ್ಚಲು ಇದರಲ್ಲಿ ಎಲ್ಲೂ ಕಾರಣವಿಲ್ಲ. ಆ ಡಬ್ಬಿ ಎಂಜಿನ್‌ನ ಶಕ್ತಿಯನ್ನು ಕಬಳಿಸುವುದಿಲ್ಲ.

ಆ ಒಂದು ಕಾಳು ಸತ್ಯ

ಫುಲ್ ಟ್ಯಾಂಕ್ ಹಾಕಿಸುವುದು ತಪ್ಪಲ್ಲ, ಫುಲ್ ಆದ ಮೇಲೂ ಹಾಕಿಸುವುದು ತಪ್ಪು. ಬಂಕಿನ ನಾಜಲ್ ತುದಿಯಲ್ಲಿ ಒಂದು ಸಣ್ಣ ತೂತಿದೆ. ಪೆಟ್ರೋಲ್ ಅಲ್ಲಿಯವರೆಗೆ ಏರಿ ತೂತು ಮುಚ್ಚಿದರೆ ನಾಜಲ್ ತಾನಾಗಿ ನಿಲ್ಲುತ್ತದೆ. ನಮ್ಮಲ್ಲಿ ಅಲ್ಲಿಗೆ ನಿಲ್ಲಿಸುವುದು ಕಡಿಮೆ. ಮೀಟರಿನಲ್ಲಿ 2,460 ರೂಪಾಯಿ ತೋರಿಸುತ್ತಿದ್ದರೆ, 'ಸರ್, 2,500 ಮಾಡ್ಲಾ?' ಎಂಬ ಪ್ರಶ್ನೆ ಬರುತ್ತದೆ. ನಾವೂ ಹೂಂ ಎನ್ನುತ್ತೇವೆ. ಕಾರನ್ನು ಅಲ್ಲಾಡಿಸಿ ಇನ್ನಷ್ಟು ಹಿಡಿಸುವವರೂ ಇದ್ದಾರೆ.

ಹೀಗೆ ತುರುಕಿದ ಪೆಟ್ರೋಲ್ ಹಿಗ್ಗಲು ಬಿಟ್ಟ ಜಾಗವನ್ನು ತುಂಬಿಕೊಂಡು ಆವಿ ಹೋಗುವ ಪೈಪಿಗೆ ದ್ರವವಾಗಿಯೇ ನುಗ್ಗಬಹುದು. ಇದ್ದಿಲು ಆವಿಗೆಂದು ಮಾಡಿದ್ದು. ದ್ರವ ಪೆಟ್ರೋಲಿನಲ್ಲಿ ನೆನೆದರೆ ಅದು ಕೆಡುತ್ತದೆ. ಆಮೇಲೆ ಕಾರಿನ ಸುತ್ತ ಪೆಟ್ರೋಲ್ ವಾಸನೆ, ಪೆಟ್ರೋಲ್ ಹಾಕಿಸಿದ ಕೂಡಲೇ ಸ್ಟಾರ್ಟ್ ಆಗಲು ತಕರಾರು. ಗ್ಯಾರೇಜಿಗೆ ಹೋದರೆ 'ಕ್ಯಾನಿಸ್ಟರ್ ಕಾಟ, ತೆಗೆದುಬಿಡೋಣ' ಎಂಬ ಮಾತು. ಡಬ್ಬಿಗೆ ಕಾಟ ಕೊಟ್ಟವರು ಯಾರೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಕ್ಯಾಟ್‌ಕಾನ್ ತೆಗೆಸಿದರೆ ಮೈಲೇಜ್ ಬರುತ್ತದೆಯೇ?

ಕ್ಯಾಟಲಿಟಿಕ್ ಕನ್ವರ್ಟರ್ ಅಥವಾ ಕ್ಯಾಟ್‌ಕಾನ್ ಎಂದರೆ ಎಂಜಿನ್‌ನಿಂದ ಹೊಗೆ ಹೊರಬರುವ ದಾರಿಯಲ್ಲಿ ಕೂರಿಸಿದ ಜೇನುಗೂಡಿನಂಥ ಪಿಂಗಾಣಿ ತುಂಡು. ಅದರ ಕಣ್ಣುಗಳಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳನ್ನು ತೆಳುವಾಗಿ ಬಳಿದಿರುತ್ತಾರೆ. ಹಾದುಹೋಗುವ ಕಾರ್ಬನ್ ಮೋನಾಕ್ಸೈಡ್, ಸುಡದೆ ಉಳಿದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್ ಮೂರನ್ನೂ ಅದು ಇಂಗಾಲದ ಡೈಆಕ್ಸೈಡ್, ನೀರಾವಿ, ಸಾರಜನಕವಾಗಿ ಬದಲಿಸುತ್ತದೆ. ಚೆನ್ನಾಗಿ ಬಿಸಿಯಾದ ಕ್ಯಾಟ್‌ಕಾನ್ ಇವುಗಳಲ್ಲಿ ಶೇ 90ಕ್ಕೂ ಹೆಚ್ಚು ಭಾಗವನ್ನು ಇಲ್ಲವಾಗಿಸುತ್ತದೆ.

ಭಾರತದಲ್ಲಿ ಇದು ಮೊದಲು ಕಡ್ಡಾಯವಾಗಿದ್ದು 1995ರ ಏಪ್ರಿಲ್‌ನಲ್ಲಿ, ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ. ಸೀಸ ಬೆರೆತ ಪೆಟ್ರೋಲ್ ಈ ಲೋಹಗಳನ್ನು ಕೆಡಿಸುವುದರಿಂದ ಅದರ ಜೊತೆಗೇ ಸೀಸರಹಿತ ಪೆಟ್ರೋಲ್ ಕೂಡ ಬರಬೇಕಾಯಿತು. 2000ದ ಹೊತ್ತಿಗೆ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಮಕ್ಕಳ ಮಿದುಳಿಗೆ ಹಾನಿ ಮಾಡುವ ಸೀಸ ನಮ್ಮ ರಸ್ತೆಗಳಿಂದ ಹೋಗಿದ್ದರಲ್ಲಿ, ಈಗ 'ಬೇಡದ ಭಾಗ' ಎನಿಸಿಕೊಂಡಿರುವ ಈ ತುಂಡಿನ ಪಾಲೂ ಇದೆ.

ಮೈಲೇಜ್ ವಿಷಯಕ್ಕೆ ಬರೋಣ. ಈಗಿನ ಪೆಟ್ರೋಲ್ ಎಂಜಿನ್‌ನಲ್ಲಿ ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಎಂದು ತೀರ್ಮಾನಿಸುವುದು ಕಂಪ್ಯೂಟರ್. ಹೊಗೆಯ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲ್ ಎಂಬ ಹದದ ಸುತ್ತಮುತ್ತ ಅದನ್ನು ಕಾಯುತ್ತದೆ. ಕ್ಯಾಟ್‌ಕಾನ್ ಕಿತ್ತರೂ ಹದ ಅದೇ. ಹೊಗೆ ಹೊರಹೋಗಲು ತಡೆ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ಅದರ ಲಾಭ ಗೊತ್ತಾಗುವುದು ಎಂಜಿನ್ ಅನ್ನು ಎತ್ತರದ ಆರ್‌ಪಿಎಂನಲ್ಲಿ ಹಿಂಡುವಾಗ, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಮೊದಲ ಗೇರಿನಲ್ಲಿ ತೆವಳುವಾಗಲ್ಲ. ಇದರ ಬದಲಿಗೆ ಕ್ಯಾಟ್‌ಕಾನ್ ನಂತರದ ಇನ್ನೊಂದು ಸೆನ್ಸರ್ 'ಏನೋ ಸರಿಯಿಲ್ಲ' ಎಂದು ಎಂಜಿನ್ ದೀಪ ಹತ್ತಿಸುತ್ತದೆ.

'ನಾನು ತೆಗೆಸಿದೆ, ಪಿಕಪ್ ನಿಜವಾಗಿಯೂ ಬಂತು' ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ಕ್ಯಾಟ್‌ಕಾನ್ ಮೊದಲೇ ಕಟ್ಟಿಕೊಂಡಿದ್ದಿರಬೇಕು. ಕಟ್ಟಿಕೊಂಡರೆ ಎಂಜಿನ್‌ಗೆ ಉಸಿರು ಕಟ್ಟಿದಂತಾಗಿ ಪಿಕಪ್, ಮೈಲೇಜ್ ಎರಡೂ ಬೀಳುತ್ತವೆ. ಆದರೆ ಅದು ತಾನಾಗಿ ಕಟ್ಟಿಕೊಳ್ಳುವುದಿಲ್ಲ. ಎಂಜಿನ್ ಆಯಿಲ್ ಸುಡುತ್ತಿದ್ದರೆ, ಸ್ಪಾರ್ಕ್ ಪ್ಲಗ್ ಕೆಟ್ಟು ಹಸಿ ಪೆಟ್ರೋಲ್ ಹೊಗೆಯ ದಾರಿಗೆ ಬಂದು ಅಲ್ಲೇ ಉರಿದು ಜೇನುಗೂಡು ಕರಗಿದರೆ, ಕಲಬೆರಕೆ ಪೆಟ್ರೋಲ್ ಹಾಕಿಸಿದ್ದರೆ ಕಟ್ಟಿಕೊಳ್ಳುತ್ತದೆ. ಮೂಲ ಕಾಯಿಲೆ ಬಿಟ್ಟು ಕ್ಯಾಟ್‌ಕಾನ್ ಕಿತ್ತರೆ ಕಾಯಿಲೆ ಎಂಜಿನ್‌ನಲ್ಲೇ ಉಳಿಯುತ್ತದೆ.

ಒಂದು ಪ್ರಶ್ನೆಯನ್ನಂತೂ ಕೇಳಲೇಬೇಕು. ತೆಗೆದ ಹಳೆಯ ಕ್ಯಾಟ್‌ಕಾನ್ ಯಾರ ಬಳಿ ಉಳಿಯಿತು? ಅದರೊಳಗಿನ ಲೋಹಗಳಲ್ಲಿ ರೋಡಿಯಂ ಚಿನ್ನಕ್ಕಿಂತಲೂ ದುಬಾರಿ. ಗುಜರಾತ್, ಮಹಾರಾಷ್ಟ್ರಗಳಲ್ಲಿ ಮಾರುತಿ ಈಕೋ ವ್ಯಾನ್‌ಗಳ ಸೈಲೆನ್ಸರ್ ಕದಿಯುವ ತಂಡಗಳು ಸಿಕ್ಕಿಬಿದ್ದದ್ದು ಇದೇ ಲೋಹದ ಆಸೆಗೆ. ಕಳ್ಳರು ರಾತ್ರಿ ಕಷ್ಟಪಟ್ಟು ಬಿಚ್ಚುವುದನ್ನು, ನಾವು ಹಗಲಿನಲ್ಲಿ ಕೂಲಿ ಕೊಟ್ಟು ಬಿಚ್ಚಿಸಿ ಅಲ್ಲೇ ಬಿಟ್ಟು ಬರುತ್ತೇವೆ.

ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕ್ಯಾಟ್‌ಕಾನ್ ಕಿತ್ತು ವೆಲ್ಡಿಂಗ್ ಮಾಡಿ ಜೋಡಿಸಿದ ಪೈಪಿನಲ್ಲಿ ಬಿರುಕು ಬಿಟ್ಟರೆ ಹೊಗೆ ಕಾರಿನಡಿಯಲ್ಲೇ ಸೋರುತ್ತದೆ. ಎಸಿ ಹಾಕಿ, ಎಂಜಿನ್ ಚಾಲೂ ಇಟ್ಟು, ನಿಂತ ಕಾರಿನಲ್ಲಿ ಮಲಗುವವರಿಗೆ ಅದು ಪ್ರಾಣಾಂತಕ. ಒಳ್ಳೆಯ ಸ್ಥಿತಿಯಲ್ಲಿರುವ ಕಾರಿನಲ್ಲೂ ಹಾಗೆ ಮಲಗಬಾರದು, ಕ್ಯಾಟ್‌ಕಾನ್ ಇಲ್ಲದ ಕಾರಿನಲ್ಲಂತೂ ಆ ವಿಷದ ಪ್ರಮಾಣ ಹಲವು ಪಟ್ಟು.

ಡೀಸೆಲ್ ಕಾರುಗಳ ಮಾತೇನು?

ಡೀಸೆಲ್‌ನಲ್ಲಿ ತೆಗೆಸಲು ಹೇಳುವುದು ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಮತ್ತು ಇಜಿಆರ್ ವಾಲ್ವ್. ದೂರಿನಲ್ಲಿ ಹುರುಳಿಲ್ಲ ಎನ್ನಲಾಗದು. ಬಿಎಸ್6 ಡೀಸೆಲ್ ಕಾರನ್ನು ದಿನವೂ ನಾಲ್ಕು ಕಿಲೋಮೀಟರ್ ಟ್ರಾಫಿಕ್‌ನಲ್ಲಷ್ಟೇ ಓಡಿಸಿದರೆ ಫಿಲ್ಟರ್‌ನ ಮಸಿ ಸುಟ್ಟುಹೋಗುವಷ್ಟು ಬಿಸಿಯಾಗದೆ ಕಟ್ಟಿಕೊಳ್ಳುತ್ತದೆ. ಡಿಪಿಎಫ್ ದೀಪ ಹತ್ತಿದಾಗ ಮ್ಯಾನುಯಲ್‌ನಲ್ಲಿ ಹೇಳಿದ ವೇಗದಲ್ಲಿ ಹೆದ್ದಾರಿಯ ಮೇಲೆ ಒಂದಷ್ಟು ಹೊತ್ತು ನಿಲ್ಲಿಸದೆ ಓಡಿಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಓಡಾಟವೇ ಕಡಿಮೆ ಇರುವವರು ಡೀಸೆಲ್ ಕಾರು ಕೊಳ್ಳುವ ಮೊದಲೇ ಇದನ್ನು ಯೋಚಿಸಬೇಕು. ಡೀಸೆಲ್ ಹೊಗೆಯೂ 2012ರಿಂದ ಕ್ಯಾನ್ಸರ್‌ಕಾರಕಗಳ ಖಚಿತ ಪಟ್ಟಿಯಲ್ಲಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಹಾಕಿದ ಅಂದಾಜಿನಂತೆ, ಸುಮಾರು ಹತ್ತು ವರ್ಷಗಳಲ್ಲಿ ಅಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ ಟ್ರಕ್‌ಗಳ ಮಾಲಿನ್ಯ ನಿಯಂತ್ರಣ ಭಾಗಗಳನ್ನು ಕೀಳಿಸಲಾಗಿತ್ತು. ಅವು ಉಗುಳುವ ಹೆಚ್ಚುವರಿ ಹೊಗೆ 90 ಲಕ್ಷ ಸರಿಯಾದ ಟ್ರಕ್‌ಗಳನ್ನು ರಸ್ತೆಗೆ ಇಳಿಸಿದ್ದಕ್ಕೆ ಸಮ ಎಂದು ಅದು ಲೆಕ್ಕ ಹಾಕಿತು.

ಕಾನೂನು ಏನನ್ನುತ್ತದೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ, ಅನುಮತಿಯಿಲ್ಲದೆ ವಾಹನ ಮಾರ್ಪಡಿಸುವ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಮಾಲಿನ್ಯ ಮಿತಿ ಮೀರಿದ ವಾಹನ ಓಡಿಸಿದರೆ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ವಿಧಿಸಲು ಅವಕಾಶವಿದೆ.

'ಎಮಿಷನ್ ಟೆಸ್ಟ್ ಪಾಸಾಗಿದೆಯಲ್ಲ' ಎಂಬ ವಾದ ಕೇಳಿಬರುತ್ತದೆ. ಬಿಎಸ್6 ಪೆಟ್ರೋಲ್ ಕಾರು ಐಡ್ಲಿಂಗ್‌ನಲ್ಲಿ ಶೇ 0.3ಕ್ಕಿಂತ ಹೆಚ್ಚು ಕಾರ್ಬನ್ ಮೋನಾಕ್ಸೈಡ್ ಬಿಡುವಂತಿಲ್ಲ. ಕ್ಯಾಟ್‌ಕಾನ್ ಇಲ್ಲದ ಕಾರು ಈ ಪರೀಕ್ಷೆಯನ್ನು ಪ್ರಾಮಾಣಿಕವಾಗಿ ದಾಟುವುದು ಕಷ್ಟ. ಆದರೆ ಆ ಪರೀಕ್ಷೆ ನೋಡುವುದು ಸೈಲೆನ್ಸರಿನ ತುದಿಯನ್ನು ಮಾತ್ರ. ಟ್ಯಾಂಕಿನಿಂದ ಸೋರುವ ಆವಿಯನ್ನು ಅಲ್ಲಿ ಯಾರೂ ಅಳೆಯುವುದಿಲ್ಲ. ಕ್ಯಾನಿಸ್ಟರ್ ಕಿತ್ತ ಕಾರಿಗೂ ಸರ್ಟಿಫಿಕೇಟ್ ಸಿಗುತ್ತದೆ. ಆ ಕಾಗದ ನಿಮ್ಮ ಪಾರ್ಕಿಂಗ್‌ನ ಗಾಳಿಯ ಬಗ್ಗೆ ಏನೂ ಹೇಳುವುದಿಲ್ಲ.

ಯಾವಾಗ ಗ್ಯಾರೇಜಿಗೆ ಹೋಗಬೇಕು?

ನಿಂತ ಕಾರಿನ ಸುತ್ತ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಅದನ್ನು ಮಾಮೂಲು ಎಂದುಕೊಳ್ಳಬೇಡಿ. ಸರಿಯಿರುವ ಕಾರಿನಿಂದ ವಾಸನೆ ಬರುವುದಿಲ್ಲ. ನೆಲಮಾಳಿಗೆಯಲ್ಲಿ ವಾಸನೆ ಜೋರಾಗಿದ್ದರೆ ಅಲ್ಲೇ ಸ್ಟಾರ್ಟ್ ಮಾಡಬೇಡಿ, ದೀಪದ ಸ್ವಿಚ್ ಮುಟ್ಟಬೇಡಿ. ಜನರನ್ನು ದೂರ ಕಳಿಸಿ, ಗಾಳಿ ಆಡಲು ಬಿಟ್ಟು, ಹೊರಗೆ ಬಂದು ಮೆಕ್ಯಾನಿಕ್‌ಗೆ ಫೋನ್ ಮಾಡಿ. ನೆಲದ ಮೇಲೆ ಪೆಟ್ರೋಲ್ ಚೆಲ್ಲಿದ್ದು ಕಂಡರೆ ಅಗ್ನಿಶಾಮಕ ದಳಕ್ಕೆ, 112ಕ್ಕೆ ಕರೆ ಮಾಡಿ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ಹೊಸ ಮುಚ್ಚಳ ಹಾಕಿಸಿ. ಬೀದಿ ಬದಿಯ ಅಗ್ಗದ ಮುಚ್ಚಳ ಬೇಡ, ಅದರಲ್ಲಿ ಒತ್ತಡ ಬಿಡುವ ಸಣ್ಣ ವಾಲ್ವ್ ಇರಲೇಬೇಕೆಂದಿಲ್ಲ.

ಬಂಕಿನಲ್ಲಿ ಟ್ಯಾಂಕ್ ಖಾಲಿಯಿದ್ದರೂ ನಾಜಲ್ ಮತ್ತೆಮತ್ತೆ ಟಕ್ ಎಂದು ನಿಲ್ಲುತ್ತಿದ್ದರೆ ಆವಿ ಹೊರಹೋಗುವ ದಾರಿ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಮಣ್ಣಿನ ರಸ್ತೆಯಲ್ಲಿ ಓಡುವ ಗಾಡಿಗಳಲ್ಲಿ ಧೂಳು, ಕಣಜ ಕಟ್ಟಿದ ಮಣ್ಣಿನ ಗೂಡು ಕೂಡ ಆ ಪೈಪಿನ ಬಾಯಿ ಮುಚ್ಚಿರುತ್ತದೆ. ಹಲವು ಸಲ ಅದನ್ನು ಶುಚಿ ಮಾಡಿದರೇ ಸಾಕು, ಡಬ್ಬಿ ಬದಲಿಸಬೇಕಾಗುವುದಿಲ್ಲ.